ಗೇಲಿ ಮಾಡಲು ಯಾರೂ ಬರಲಿಲ್ಲ

"ಬೆಳಿಗ್ಗೆ ಎಷ್ಟು ಇಲಿ ಹುರ್ಕೊಂಡು ತಿಂದ್ಬಂದೆ?" ಎಂದು ಆಸ್ಟ್ರಿಡಾ ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದಳು.

ಮೇಜಿನಾಚೆ ಕೂತಿದ್ದ ಥೊಕೊಜಿಲೆ ಜೆರೆ ನಗಲಿಲ್ಲ. ಆಸ್ಟ್ರಿಡಾಳ ಬೀದಿಯಲ್ಲೇ ಮೂರನೆಯ ಮನೆಯ ಮುದುಕ ಜೆರೆಯ ಮಗಳು ಅವಳು. ರಾಜಧಾನಿ ಲುಸಾಕಾದಲ್ಲಿ ಓದಿ ಬಂದು, ನಮ್ಮೂರು ಕಬ್ವೆಯ ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಹಿಡಿದು, ಆಪ್ತಸಮಾಲೋಚಕಿ ಎಂದು ಬೋರ್ಡು ಹಾಕಿಕೊಂಡಿದ್ದಳು. ಊರಿಗೆಲ್ಲ ಅವಳೊಬ್ಬಳೇ. ಇಲಿಯ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡು, "ಆರಾಮಾಗಿ ಕೂತ್ಕೊಳ್ಳಿ ಅಮ್ಮಾ," ಎಂದಳು.

ಆಸ್ಟ್ರಿಡಾಗೆ ಮುಖದ ಮೇಲೆ ಬಾಗಿಲು ಹಾಕಿದಂತಾಯಿತು. ಅವಳು ಬೆಂಬಾ ಕುಲದವಳು, ಜೆರೆ ಎಂದರೆ ಅಂಗೋನಿ ಕುಲ. ಅಜ್ಜಂದಿರ ಕಾಲದಲ್ಲಿ ಈಟಿ ಹಿಡಿದು ಕಾದಾಡಿದ ಈ ಎರಡು ಕುಲದವರು ಈಗ ಗೇಲಿಯ ನೆಂಟರು. ಬೆಂಬಾಗಳು ಅಂಗೋನಿಗಳನ್ನು ಇಲಿ ತಿನ್ನುವವರು ಅನ್ನಬೇಕು, ಅವರು ಇವರನ್ನು ಮಂಗ ತಿನ್ನುವವರು ಅನ್ನಬೇಕು. ಬಸ್ಸಿನಲ್ಲಾದರೂ ಸರಿ, ಬ್ಯಾಂಕಿನ ಸಾಲಿನಲ್ಲಾದರೂ ಸರಿ. ಸಾವಿನ ಮನೆಯಲ್ಲಂತೂ ತಪ್ಪಿಸುವ ಹಾಗೇ ಇಲ್ಲ. ಸತ್ತವನನ್ನು ಬಾಯಿಗೆ ಬಂದಂತೆ ಹಂಗಿಸಿ, ತೋಡಿದ ಗುಂಡಿಗೆ ತಾವೇ ಇಳಿದು ಕೂತು, ಕೋಳಿಯನ್ನೋ ಇನ್ನೊಂದನ್ನೋ ಕೊಡುವವರೆಗೆ ಏಳುವುದಿಲ್ಲ ಎಂದು ಹಟ ಹಿಡಿಯುವುದು ಗೇಲಿಯ ನೆಂಟರ ಹಕ್ಕು. ಹಂಗಿಸಿದ್ದಕ್ಕೆ ತಿರುಗಿ ಹಂಗಿಸದೆ ಇರುವುದು ನೀನು ನನಗೆ ಯಾರೂ ಅಲ್ಲ ಎಂದ ಹಾಗೆ. ಇಷ್ಟು ಓದಿದವಳಿಗೆ ಇದು ಗೊತ್ತಿಲ್ಲವೇ?

ಥೊಕೊಜಿಲೆ ಒಂದು ಮಡಿಸಿದ ಕಾಗದ ಕೊಟ್ಟಳು. ಮೊದಲ ಸಲ ಬರುವವರಿಗಾಗಿ ಅಚ್ಚು ಹಾಕಿಸಿದ್ದು. ಇಲ್ಲಿ ಆಡಿದ ಮಾತು ಇಲ್ಲೇ ಉಳಿಯುತ್ತದೆ. ನಾವು ಬುದ್ಧಿ ಹೇಳುವುದಿಲ್ಲ, ಕೇಳಿಸಿಕೊಳ್ಳುತ್ತೇವೆ. ಮೊದಮೊದಲು ಸಂಕಟ ಹೆಚ್ಚಾಯಿತು ಅನ್ನಿಸಿದರೆ ಹೆದರಬೇಡಿ. ಆಸ್ಟ್ರಿಡಾ ಓದಿ ಕೈಚೀಲಕ್ಕೆ ತುರುಕಿಕೊಂಡಳು. ಇನ್ನೂ ಹೆಚ್ಚಾಗುವುದಕ್ಕೆ ಜಾಗವಾದರೂ ಎಲ್ಲಿದೆ ಎಂದುಕೊಂಡಳು.

ಅವಳು ತಾನಾಗಿ ಬಂದಿರಲಿಲ್ಲ. ಇಪ್ಪತ್ತಾರು ವರ್ಷ ಹೆರಿಗೆ ಮಾಡಿಸಿದ ಕೈ ಅವಳದು. ಹೋದ ತಿಂಗಳು ಒಂದು ಗಂಡು ಕೂಸನ್ನು ಎತ್ತಿ, ಒರೆಸಿ, ಎದೆಗೆ ಒತ್ತಿಕೊಂಡು ನಿಂತವಳು ತಾಯಿಗೆ ಕೊಡಲೇ ಇಲ್ಲ. ಕೊಡಿ ಸಿಸ್ಟರ್, ಕೊಡಿ ಸಿಸ್ಟರ್ ಎಂದು ಬಾಣಂತಿ ಅಳತೊಡಗಿದಳು. ಕೊನೆಗೆ ಮೇಟ್ರನ್ ಬಂದು ಒಂದೊಂದೇ ಬೆರಳು ಬಿಡಿಸಬೇಕಾಯಿತು. "ಸಮಾಲೋಚಕಿ ಕಾಗದ ಬರ್ಕೊಡೋವರ್ಗೂ ನೀನು ಹೆರಿಗೆ ಕೋಣೆಗೆ ಕಾಲಿಡೋ ಹಾಗಿಲ್ಲ," ಎಂದಿದ್ದಳು. ಆ ಕೋಣೆಯೂ ಹೋದರೆ ಆಸ್ಟ್ರಿಡಾಗೆ ಬೆಳಿಗ್ಗೆ ಏಳಲು ಕಾರಣವೇ ಇರಲಿಲ್ಲ.

"ನಿಮ್ಮನ್ನ ಏನಂತ ಕರೀಲಿ?" ಥೊಕೊಜಿಲೆ ಕೇಳಿದಳು.

ಕೇಳಬಾರದ್ದನ್ನೇ ಕೇಳಿದ್ದಳು. ನಮ್ಮಲ್ಲಿ ಹೆತ್ತವಳನ್ನು ಚೊಚ್ಚಲ ಮಗುವಿನ ಹೆಸರಿನಿಂದಲೇ ಕರೆಯುವುದು. ಇಪ್ಪತ್ತೆರಡು ವರ್ಷ ಅವಳು ಇಡೀ ಬೀದಿಗೆ ಬಾನಾ ಕಲುಬಾ, ಕಲುಬಾನ ತಾಯಿ. ಫೆಬ್ರವರಿಯಲ್ಲಿ ಕಲುಬಾ ಹೋದ ಮೇಲೆ ಆ ಹೆಸರು ಯಾರ ಬಾಯಿಂದಲೂ ಬರಲಿಲ್ಲ. ತರಕಾರಿಯವಳು ಸಿಸ್ಟರ್ ಎಂದಳು, ಪಾದ್ರಿ ಮೇಡಂ ಎಂದರು.

"ಸಿಸ್ಟರ್ ಅನ್ನು, ಸಾಕು."

"ಮಗ ಹೇಗೆ ಹೋದ?"

"ಮಲೇರಿಯಾ."

ಎರಡನೆಯ ವಾರವೂ ಮಲೇರಿಯಾವೇ. ನರ್ಸಮ್ಮನ ಸುಳ್ಳು ಅಚ್ಚುಕಟ್ಟಾಗಿತ್ತು. ಎಷ್ಟು ಜ್ವರ, ಯಾವ ಗಳಿಗೆಯಲ್ಲಿ ಚಳಿ, ಎಷ್ಟು ಬಾಟಲಿ ಡ್ರಿಪ್ಪು, ಎಲ್ಲ ಹೇಳಿದಳು. ಬೀದಿಯೂ ಮಲೇರಿಯಾ ಎಂದೇ ಒಪ್ಪಿಕೊಂಡಿತ್ತು, ಒಪ್ಪಿಕೊಂಡು ಬಾಗಿಲು ಹಾಕಿಕೊಂಡಿತ್ತು. ಥೊಕೊಜಿಲೆ ಹೂಂ ಎನ್ನುತ್ತ ಕೇಳಿಸಿಕೊಂಡಳು. ಆಸ್ಟ್ರಿಡಾ ನಡುನಡುವೆ ಇಲಿಯ ಬಾಲ, ಇಲಿಯ ಬಿಲ ಎಂದು ಕೆಣಕಿ ನೋಡಿದಳು. ಹುಡುಗಿ ಅದಕ್ಕೂ ಹೂಂ ಎಂದಳು.

ಮೂರನೆಯ ವಾರ ಹುಡುಗಿ ಬೇರೆ ಏನನ್ನೋ ಕೇಳಿದಳು. "ಮಣ್ಣಿಗೆ ಯಾರ್ಯಾರು ಬಂದಿದ್ರು ಅಮ್ಮಾ?"

ಆಸ್ಟ್ರಿಡಾ ಕಿಟಕಿಯ ಕಡೆ ತಿರುಗಿದಳು. ಕೆಳಗೆ ಅಂಗಡಿಯಲ್ಲಿ ಯಾರೋ ತಗಡು ಕತ್ತರಿಸುತ್ತಿದ್ದರು.

"ನಾಲ್ಕು ಜನ," ಎಂದಳು. "ಬೆಳಿಗ್ಗೆ ಆರೂವರೆಗೆ. ಬೇಲಿ ಪಕ್ಕ, ಒಂದು ಮೂಲೇಲಿ. ತಾನೇ ಜೀವ ತಕ್ಕೊಂಡವ್ನಿಗೆ ಅಳಬಾರ್ದು, ಅತ್ರೆ ಮನೇಲಿ ಇನ್ನೊಂದು ಸಾವಾಗತ್ತೆ ಅಂತ ನಮ್ಮಣ್ಣ ನನ್ನ ಬಾಯಿ ಮುಚ್ಚಿ ಹಿಡ್ಕೊಂಡಿದ್ದ. ಗುಂಡಿಗೆ ಯಾರೂ ಇಳೀಲಿಲ್ಲ, ಯಾರೂ ಹಂಗಿಸ್ಲಿಲ್ಲ. ಕದ್ದು ಸಿಕ್ಕಿಬಿದ್ದು ಒದೆ ತಿಂದು ಸತ್ತನಲ್ಲ, ಆ ಸಂತೆ ಕಳ್ಳ? ಅವ್ನನ್ನೂ ಹಂಗಿಸಿ ಕಳಿಸಿದ್ರು. ನನ್ನ ಮಗ ಕಳ್ಳನಿಗಿಂತ ಕಡೆನಾ?"

ಥೊಕೊಜಿಲೆ ಪೆನ್ನು ಕೆಳಗಿಟ್ಟಳು.

"ನನ್ನ ಗಂಡ ಸತ್ತಾಗ ನಿಮ್ಮಪ್ಪ ಗುಂಡೀಲಿ ಕೂತು ಏನಂದ ಗೊತ್ತಾ? ಈ ಮಂಗನ್ನ ಹೂತ್ಬಿಟ್ರೆ ಇನ್ಮೇಲೆ ನಮ್ಮ ಜೋಳ ಕದಿಯೋರು ಯಾರು ಅಂದ. ನಾನು ನಕ್ಕೆ. ನಗ್ತಾ ನಗ್ತಾನೇ ಅಳು ಬಂತು, ಮೂರು ದಿನ ಅತ್ತೆ. ಅತ್ತಿದ್ದಕ್ಕೇ ಬದುಕಿದೆ. ಸಾವು ಅಂದ್ರೆ ಸಾಕು, ಸೊಂಟಕ್ಕೆ ಹಗ್ಗ ಬಿಗಿದು ಓಡಿ ಬರೋ ಮನುಷ್ಯ, ನನ್ನ ಮಗನ ಹೆಣ ಹೊರಟಾಗ ಬಾಗಿಲು ಹಾಕ್ಕೊಂಡು ಕೂತಿದ್ದ. ಪರದೆ ಅಲ್ಲಾಡ್ತು. ನೋಡ್ದೆ ನಾನು."

"ಪರದೆ ಹಿಂದೆ ನಾನೂ ಇದ್ದೆ," ಎಂದಳು ಥೊಕೊಜಿಲೆ.

"ನೀನು ಲುಸಾಕಾದಲ್ಲಿದ್ದೆ ಅಂದ್ಕೊಂಡಿದ್ದೆ."

"ರಜಾಕ್ಕೆ ಬಂದಿದ್ದೆ."

"ಹಾಗಿದ್ರೆ ಎಲ್ಲಾ ಗೊತ್ತಿದ್ದೂ ಎರಡು ವಾರ ನನ್ನ ಮಲೇರಿಯಾ ಪುರಾಣ ಕೇಳಿಸ್ಕೊಂಡೆ?"

"ನೀವಾಗೇ ಹೇಳ್ಬೇಕಿತ್ತು ಅಮ್ಮಾ."

ಆಸ್ಟ್ರಿಡಾ ಕುರ್ಚಿ ಎಳೆದು ಹತ್ತಿರ ಬಂದಳು. "ಸರಿ, ಹೇಳಿದ್ನಲ್ಲ? ಈಗ ನಿನ್ನ ಸರದಿ. ನೀನೂ ಜೆರೆನೇ ತಾನೆ? ಬೈಯಿ ಅವ್ನನ್ನ. ಮಂಗ ಅನ್ನು, ಇನ್ನೇನಾದ್ರೂ ಅನ್ನು. ಒಂದೇ ಒಂದು ಮಾತು ಅನ್ನೇ, ಪುಣ್ಯ ಬರತ್ತೆ."

ಹುಡುಗಿ ಪುಸ್ತಕ ಮುಚ್ಚಿದಳು. ಲುಸಾಕಾದ ಮೇಷ್ಟರುಗಳು ಅವಳಿಗೆ ಇದನ್ನು ಕಲಿಸಿರಲಿಲ್ಲ. "ಇಲ್ಲಿ ಅದು ನನ್ನ ಕೆಲ್ಸ ಅಲ್ಲಮ್ಮಾ," ಎಂದಳು. ಆಮೇಲೆ ಗೋಡೆ ಗಡಿಯಾರ ನೋಡಿ, ಇವತ್ತಿನ ಹೊತ್ತು ಮುಗಿಯಿತು ಎಂದೂ ಹೇಳಿದಳು.

ಆಸ್ಟ್ರಿಡಾ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಕಾಗದ ಮಾತ್ರ ಆಸ್ಪತ್ರೆಗೆ ಬಂತು: ಕೆಲಸಕ್ಕೆ ಅಡ್ಡಿಯಿಲ್ಲ ಎಂದು. ಅವಳು ಹೆರಿಗೆ ಕೋಣೆಗೆ ವಾಪಸಾದಳು. ಕೂಸು ಹೊರಬಂದ ಕೂಡಲೇ ತಾಯಿಯ ಎದೆಯ ಮೇಲೆ ಹಾಕಿ ಕೈ ತೊಳೆಯಲು ಹೋಗುತ್ತಿದ್ದಳು. ಭಾನುವಾರ ಚರ್ಚಿನಲ್ಲಿ ಅವಳೂ ಥೊಕೊಜಿಲೆಯೂ ಒಂದೇ ಸಾಲಿನ ಎರಡು ತುದಿಯಲ್ಲಿ ಕೂರುತ್ತಿದ್ದರು. ಊರು ಸಣ್ಣದು, ತಪ್ಪಿಸಿಕೊಂಡು ಎಲ್ಲಿಗೆ ಹೋಗುವುದು?

ಡಿಸೆಂಬರಿನಲ್ಲಿ, ನಮ್ಮಲ್ಲಿ ಮಳೆ ಹಿಡಿದು ಮಾವು ಹಣ್ಣಾಗುವ ಹೊತ್ತಿಗೆ, ಮುದುಕ ಜೆರೆ ಸತ್ತ. ಲಾರಿ ತುಂಬ ಜನ ಬಂದರು. ಊರನ್ನೆಲ್ಲ ಗೇಲಿ ಮಾಡಿದವನನ್ನು ಗೇಲಿ ಮಾಡಿ ಕಳಿಸಲು ಬೆಂಬಾಗಳು ಬೇಕಲ್ಲ? ಸ್ಮಶಾನದಲ್ಲಿ ಎಲ್ಲರಿಗಿಂತ ಮುಂದೆ ಬಂದವಳು ಆಸ್ಟ್ರಿಡಾ. ಸೊಂಟದ ಚಿಟೆಂಗೆ ಬಟ್ಟೆಯನ್ನು ಬಿಗಿದು ಕಟ್ಟಿ, ಯಾರೂ ಹಿಡಿಯುವ ಮೊದಲೇ ಗುಂಡಿಗೆ ಇಳಿದು ಕೆಸರಿನಲ್ಲಿ ಕೂತೇಬಿಟ್ಟಳು.

"ಈ ಮುದಿ ಇಲೀನ ಇಲ್ಲಿ ಹಾಕ್ಬೇಡ್ರೋ!" ಎಂದು ಕೂಗಿದಳು. "ಹತ್ತೇ ದಿನದಲ್ಲಿ ಅಕ್ಕಪಕ್ಕದ ಪೆಟ್ಟಿಗೆಯೆಲ್ಲ ಕೊರೆದು ತಿಂದ್ಹಾಕ್ತಾನೆ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಜೆರೆಯ ಹೆಂಡತಿ ಕೂಡ ನಕ್ಕು, ನಗುತ್ತಲೇ ಬಿಕ್ಕಿದಳು. ಹಿರಿಯ ಮಗ ಕಾಲು ಕಟ್ಟಿದ ಹುಂಜವನ್ನು ಗುಂಡಿಯ ಮೇಲೆ ತೂಗಾಡಿಸಿದ.

"ಬೇಡ," ಎಂದಳು ಆಸ್ಟ್ರಿಡಾ.

"ಮೇಕೆ ಬೇಕೇನೇ, ಮಂಗ ತಿನ್ನೋಳೇ?"

"ಅದೂ ಬೇಡ. ನನ್ನ ಹೆಸರು ಹಿಡಿದು ಕರೀರಿ, ಎದ್ದು ಬರ್ತೀನಿ."

"ಸಿಸ್ಟರ್ ಆಸ್ಟ್ರಿಡಾ!" ಎಂದ ಮಗ, ನಗುತ್ತ.

"ಅದಲ್ಲ."

"ಮಿಸೆಸ್ ಚಿಲೇಶೆ!"

"ಅದಲ್ಲ."

ನಗು ತೆಳ್ಳಗಾಯಿತು. ಯಾವ ಹೆಸರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತರಕಾರಿಯವಳು ನೆಲ ನೋಡಿದಳು. ಪಾದ್ರಿ ಪುಸ್ತಕದ ಹಾಳೆ ತಿರುವಿದರು. ಪೆಟ್ಟಿಗೆ ಹೊತ್ತವರು ಹೆಗಲು ಬದಲಾಯಿಸಿದರು. ಮಳೆ ಹನಿಯತೊಡಗಿತು. ಆಸ್ಟ್ರಿಡಾ ಮೊಣಕಾಲು ತಬ್ಬಿಕೊಂಡು ಕೂತೇ ಇದ್ದಳು.

ಹೆಂಗಸರ ನಡುವಿನಿಂದ ಥೊಕೊಜಿಲೆ ಎದ್ದು ಬಂದಳು. ಚಪ್ಪಲಿ ಕಳಚಿ, ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು.

"ಬಾನಾ ಕಲುಬಾ," ಎಂದಳು. "ನಿಮ್ಮ ಆ ಕಲುಬಾ ಎಂಥ ಕಳ್ಳ ಮಂಗ ಅಂತ ಗೊತ್ತಾ ನಿಮ್ಗೆ? ನಮ್ಮ ಮಾವಿನ ಮರದಲ್ಲಿ ಒಂದು ಹಣ್ಣೂ ಉಳಿಸ್ತಿರ್ಲಿಲ್ಲ. ತಿಂದು ಓಟೆ ತಂದು ನಮ್ಮಪ್ಪನ ಬೂಟಿನೊಳಗೆ ಹಾಕಿ ಹೋಗ್ತಿದ್ದ. ಹೇಳದೆ ಕೇಳದೆ ಹೋದ, ನಾಚಿಕೆಗೆಟ್ಟ ಮಂಗ. ಈ ವರ್ಷ ಹಣ್ಣೆಲ್ಲಾ ಉದುರಿ ಹಾಗೇ ಕೊಳೀತಾ ಬಿದ್ದಿದೆ."

ಯಾರೂ ನಗಲಿಲ್ಲ. ಗುಂಡಿಯೊಳಗಿಂದ ಕೆಸರು ಮೆತ್ತಿದ ಒಂದು ಕೈ ಮೇಲಕ್ಕೆ ಬಂತು. ಥೊಕೊಜಿಲೆ ಅದನ್ನು ಹಿಡಿದುಕೊಂಡಳು, ಎಳೆಯಲಿಲ್ಲ.