ಕೆಂಪು ದೀಪ, ಅರವತ್ತೆಂಟರ ಕಣ್ಣು

ಹೊಸ ದೀಪ ಹಾಕಿದ ಮೂರನೆಯ ದಿನವೇ ದೊಡ್ಡಪ್ಪ ವಿಮಾನ ಮಾರುತ್ತೇನೆಂದರು.

ಅದು ಐವತ್ತು ವರ್ಷ ಹಳೆಯ, ಇಬ್ಬರು ಕೂರುವ ಪುಟ್ಟ ವಿಮಾನ. ಮೀಟರುಗಳ ಬಲ್ಬುಗಳು ಒಂದೊಂದಾಗಿ ಕೆಟ್ಟಿದ್ದವು. ಅವನ್ನು ಕಿತ್ತು ಎಲ್‌ಇಡಿ ಕೂರಿಸಿದವಳು ತಮ್ಮನ ಮಗಳು, ಅದೇ ಹ್ಯಾಂಗರಿನ ಮೆಕ್ಯಾನಿಕ್. ಕೆಂಪನ್ನು ಆರಿಸಿದವಳೂ ಅವಳೇ. ಕೆಂಪು ಬೆಳಕಾದರೆ ಕತ್ತಲೆಗೆ ಹೊಂದಿಕೊಂಡ ಕಣ್ಣು ಕೆಡುವುದಿಲ್ಲ ಎಂದು ಓದಿದ್ದಳು. ಯಾರ ಕಣ್ಣು ಎಂದು ಯೋಚಿಸಿರಲಿಲ್ಲ.

“ನಿನ್ನೆ ಮುಸ್ಸಂಜೇಲಿ ಇಳಿಯೋವಾಗ ಎತ್ತರದ ಮೀಟರ್ ಓದೋಕಾಗ್ಲಿಲ್ಲ, ಮಗಳೇ. ಕನ್ನಡಕ ಇದ್ರೂ ಎಲ್ಲಾ ಮಂಜು. ಕಣ್ಣು ಕೈಕೊಡ್ತು. ನಾಳೆ ಒಬ್ರು ವಿಮಾನ ನೋಡೋಕೆ ಬರ್ತಾರೆ.”

ಅವಳು ಹತ್ತಿ ಕೂತು ನೋಡಿದಳು. ಅವಳಿಗೆ ಎಲ್ಲ ಅಂಕಿಗಳೂ ಸ್ಪಷ್ಟ. ವೇಗದ ಮೀಟರಿನಲ್ಲಿ ಮಾತ್ರ, ಇದನ್ನು ದಾಟಬಾರದು ಎಂದು ಎಳೆದ ಕೆಂಪು ಗೆರೆ ಕೆಂಪು ಬೆಳಕಿನಲ್ಲಿ ಅಳಿಸಿಹೋದಂತಿತ್ತು. ಈ ಬೆಳಕು ಇನ್ನೇನು ಕದ್ದಿದೆ ಎಂದು ಯೋಚಿಸುವಾಗ ಮಸೂರದ ಪಾಠ ನೆನಪಾಯಿತು. ಮಸೂರ ಕೆಂಪನ್ನು ಎಲ್ಲಕ್ಕಿಂತ ಕಡಿಮೆ ಬಾಗಿಸುತ್ತದೆ. ಬಿಂಬ ಅಕ್ಷಿಪಟಲದ ಹಿಂದೆ ಬೀಳುತ್ತದೆ. ಎಳೆಯ ಕಣ್ಣಿನ ಮಸೂರ ಉಬ್ಬಿ ಅದನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆ. ಅರವತ್ತೆಂಟರ ಕಣ್ಣಿಗೆ ಆ ಬಳುಕು ಎಲ್ಲಿಂದ ಬರಬೇಕು?

“ದೊಡ್ಡಪ್ಪ, ತಪ್ಪು ನಿಮ್ಮ ಕಣ್ಣಿನದ್ದಲ್ಲ. ನಾನು ಹಾಕಿದ ದೀಪದ್ದು.”

“ಕುಣಿಯೋಕೆ ಬರದೋನು ನೆಲ ಡೊಂಕು ಅಂದನಂತೆ. ನನ್ನ ಪರವಾಗಿ ನೀನು ಆ ನೆಪ ಹೇಳ್ಬೇಡ.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡಿ ಅಂತಿದೀನಿ, ಅಷ್ಟೇ. ಮಧ್ಯಾಹ್ನ ಬನ್ನಿ.”

ಕೆಂಪಿನ ಪಕ್ಕದಲ್ಲೇ ಒಂದು ಸಾಲು ಬಿಳಿ ದೀಪ ಕೂರಿಸಿ, ಹ್ಯಾಂಗರಿನ ಬಾಗಿಲೆಳೆದು, ಕಾಕ್‌ಪಿಟ್ಟಿಗೆ ಟಾರ್ಪಾಲು ಹೊದಿಸಿದಳು. ಒಳಗೆ ಒಲೆಯ ಧಗೆ. ಕೆಂಪು ಹಚ್ಚಿದ್ದೇ ತಡ, ದೊಡ್ಡಪ್ಪ ಮೀಟರುಗಳ ಅಂಕಿಗಳನ್ನೆಲ್ಲ ಪಟಪಟನೆ ಒಪ್ಪಿಸಿದರು.

“ಇದು ಓದಿದ್ದಲ್ಲ, ಬಾಯಿಪಾಠ. ಕಣ್ಣು ಮುಚ್ಚಿ!”

ಎತ್ತರದ ಮೀಟರಿನ ಗುಂಡಿ ತಿರುಗಿಸಿ, ಅದರ ಕಿಂಡಿಯಲ್ಲಿ ಗಾಳಿಯ ಒತ್ತಡ ತೋರಿಸುವ ಪುಟ್ಟ ಅಂಕಿಗಳನ್ನು ಬದಲಿಸಿದಳು. ಅವರು ಕಣ್ಣು ತೆರೆದು ಕೋಳಿಯಂತೆ ಕತ್ತು ಮುಂದೆ ಹಿಂದೆ ಆಡಿಸಿದರು. “ಎಂಟು... ಅಲ್ಲ, ಮೂರು... ಗೊತ್ತಾಗ್ತಿಲ್ಲ.”

ಮತ್ತೆ ಬದಲಿಸಿ, ಬಿಳಿ ದೀಪವನ್ನು ಮಂದವಾಗಿ ಹಚ್ಚಿದಳು.

“ಒಂಬೈನೂರ ತೊಂಬತ್ತೇಳು.”

ಮತ್ತೊಮ್ಮೆ.

“ಸಾವಿರದ ಆರು.” ದನಿ ಸಣ್ಣಗಾಯಿತು. “ಬೆಳಕು ಇನ್ನೂ ಇಳಿಸು.”

ಇಳಿಸುತ್ತಾ ಹೋದಳು. ಐದನೆಯ ಸಲ ತಪ್ಪಿದರು. ಸರಿಯಿದೆ ಎಂದು ಅವಳು ಸುಳ್ಳು ಹೇಳಲಿಲ್ಲ.

“ಹಾಗಾದ್ರೆ ನಾಲ್ಕನೇ ಸಲದ ಬೆಳಕಿಗೇ ತಡೆ ಹಾಕು. ಅದಕ್ಕಿಂತ ಕೆಳಗೆ ಇಳೀಬಾರ್ದು.”

“ಹಾಕ್ತೀನಿ. ಮತ್ತೆ ನಾಳೆ ಬರೋರು?”

ದೊಡ್ಡಪ್ಪ ಬೆವರು ಒರೆಸಿಕೊಂಡು ಫೋನು ಅವಳ ಕೈಗಿಟ್ಟರು. “ನೀನೇ ಹೇಳು ಬರೋದು ಬೇಡ ಅಂತ. ಕೆಂಪು ಹಾಕಿದ್ದು ನೀನು ತಾನೇ?”