ಹಳೇ ಟಾರಿನ ರಸ್ತೆ

ಮಿಡಿಗೇಶಿಯಿಂದ ಪಾವಗಡದ ಕಡೆ ಹೋಗೋ ದೊಡ್ಡ ರಸ್ತೆಯನ್ನು ಅಗೆದು ಹೊಸದಾಗಿ ಹಾಕಿದ ವರ್ಷ, ಕಿತ್ತ ಹಳೇ ಟಾರಿನ ಹೆಂಟೆಗಳನ್ನೆಲ್ಲ ಲಾರಿಯವರು ತಂದು ಕಾಲನಿಯ ಮುಂದೆ ಸುರಿದು ಹೋದರು. ಕಸ ಸುರಿಯೋಕೆ ಕಾಲನಿಗಿಂತ ಒಳ್ಳೆ ಜಾಗ ಯಾರಿಗೆ ತಾನೇ ಹೊಳೆದೀತು? ಉಳಿದವರು ಬೈದು ಸುಮ್ಮನಾದರು. ದಾಸಮ್ಮ ಮಾತ್ರ ಆ ರಾಶಿಯನ್ನು, ಸಂತೆಯಲ್ಲಿ ಎಮ್ಮೆ ನೋಡುವವರ ಹಾಗೆ, ಸುತ್ತಾ ತಿರುಗಿ ನೋಡಿದಳು.

ಅವಳೂ ಗಂಡ ಓಬಳಯ್ಯನೂ ರಸ್ತೆ ಗ್ಯಾಂಗಿನ ಆಳುಗಳು. ಕಾಲಿಗೆ ಗೋಣಿಚೀಲ ಸುತ್ತಿಕೊಂಡು, ಬಿಸಿ ಟಾರು ಬೆರೆಸಿದ ಜಲ್ಲಿಯನ್ನು ಬಾಂಡ್ಲಿಯಲ್ಲಿ ಹೊತ್ತು ಊರೂರಿಗೆ ರಸ್ತೆ ಹಾಕಿದವರು. ಅವರ ಮನೆಗೇ ದಾರಿ ಇರಲಿಲ್ಲ. ಕಾಲನಿಯಿಂದ ದೊಡ್ಡ ರಸ್ತೆಗೆ ಬರಬೇಕಾದರೆ ಕೆರೆ ಹಿಂದಿನ ಜೇಡಿಮಣ್ಣು ತುಳಿಯಬೇಕು. ಮಳೆ ಬಿತ್ತೆಂದರೆ ಅದು ಎತ್ತಿನ ಕಾಲನ್ನೂ ಬಿಡದು. ಹಿಂದಿನ ವರ್ಷ ಮಗಳು ಪಾಪಕ್ಕ ಚೊಚ್ಚಲ ಹೆರಿಗೆಗೆ ಬಂದಾಗ, ಆಸ್ಪತ್ರೆಗೆ ಹೊರಟ ಗಾಡಿ ಆ ಜೇಡಿಯಲ್ಲೇ ಹೂತುಕೊಂಡಿತು. ಕೂಸು ಗಾಡಿಯಲ್ಲೇ ಹುಟ್ಟಿ, ಗಾಡಿಯಲ್ಲೇ ಕಣ್ಣು ಮುಚ್ಚಿತು.

"ಇಲ್ನೋಡು, ಇದ್ನ ಕಾಯ್ಸಿ ನಮ್ ದಾರಿಗೆ ಹಾಕನ," ಅಂದಳು ಗಂಡನಿಗೆ.

"ಸತ್ತೋಗಿರೋ ಟಾರು ಕಣೆ ಅದು. ಬಿಸ್ಲಿಗೆ ಒಣ್ಗಿ ಪುಡಿಪುಡಿ ಆಗೈತೆ."

"ಮುದ್ಕಂಗೆ ಒಸಿ ಹೆಂಡ ಬಿಟ್ರೆ ಎದ್ದು ಕುಣಿಯಾಕಿಲ್ವಾ? ಅಂಗೇ ಇದೂವೆ. ಖಾಲಿ ಡ್ರಮ್ಮಿನ ತಳದಾಗೆ ಹೊಸ ಟಾರು ಮೆತ್ಕಂಡಿರ್ತದೆ. ಕೆರ್ಕಂಡ್ ಬಂದು ಬೆರ್ಸಿದ್ರಾಯ್ತು."

ಬೇಸಿಗೆಯ ಸಂಜೆಗಳಲ್ಲಿ ಕಾಲನಿಯೆಲ್ಲ ಕೂಡಿತು. ಹೆಂಟೆ ಒಡೆದರು, ಸೀಳಿದ ಡ್ರಮ್ಮಿನಲ್ಲಿ ಕಾಯಿಸಿದರು, ನೀರು ನಿಲ್ಲದ ಹಾಗೆ ಎರಡೂ ಕಡೆ ಕಾಲುವೆ ತೆಗೆದರು. ರೋಡ್ ರೋಲರ್ ಎಲ್ಲಿಂದ ಬರಬೇಕು? ಗೊಲ್ಲರಹಟ್ಟಿಯ ಯತ್ತಪ್ಪನ ಹತ್ತಿರ ರಾಗಿ ಒಕ್ಕುವ ಗುಂಡುಕಲ್ಲು ಕೇಳಿದರು.

"ತಗಂಡೋಗ್ರಪ್ಪ," ಅಂದ ಯತ್ತಪ್ಪ. "ಆದ್ರೆ ನೀವು ಮುಟ್ಟಿದ್ಮ್ಯಾಲೆ ಅದ್ನ ವಾಪಸ್ ಕಣಕ್ಕೆ ಇಳ್ಸಂಗಿಲ್ಲ. ನೀವೇ ಮಡಿಕಳಿ."

"ದೊಡ್ಡ ಮನ್ಸು ನಿಂದು, ಯತ್ತಣ್ಣ," ಅಂದಳು ದಾಸಮ್ಮ. "ನಾವು ಕುಯ್ದ ರಾಗಿ ಮಾತ್ರ ಕಣಕ್ಕೆ ಇಳೀತದೆ."

ಕಲ್ಲಿಗೆ ಟಾರು ಮೆತ್ತದ ಹಾಗೆ ನೀರು ಚಿಮುಕಿಸುತ್ತಾ ಎಳೆದೇ ಎಳೆದರು. ಮಳೆಗಾಲ ಬಂತು, ಹೋಯಿತು. ರಸ್ತೆ ಅಲ್ಲಾಡಲಿಲ್ಲ.

ಇಂಜಿನಿಯರ್ ಸಾಹೇಬರು ಒಂದು ದಿನ ಜೀಪಿನಲ್ಲಿ ಅದರ ಮೇಲೆಯೇ ಬಂದು, ಭಲೇ ಅಂದರು. ಕಾಲನಿಯವರು ತಪ್ಪು ಮಾಡಿದ್ದು ಆವತ್ತೇ. ಸಾಹೇಬರ ಕೈಲಿ ತೆಂಗಿನಕಾಯಿ ಒಡೆಸಿ, "ಇದೂ ಸರ್ಕಾರಿ ರಸ್ತೆ ಅಂತ ಒಂದ್ ಬೋರ್ಡು ಹಾಕುಸ್ಕೊಡಿ ಸ್ವಾಮಿ," ಎಂದು ಕೇಳಿಕೊಂಡರು. ಇದು ನಿಮ್ಮದಲ್ಲ, ಅದೂ ನಿಮ್ಮದಲ್ಲ ಅಂತ ಹುಟ್ಟಿದಾಗಿನಿಂದ ಕೇಳಿದ ಜನ. ಸರ್ಕಾರದ ಹೆಸರಿದ್ದರೆ ಯಾರೂ ದಾರಿ ಮೇಲೆ ನೇಗಿಲು ಹೊಡೆಯೋದಿಲ್ಲ ಅನ್ನೋ ಧೈರ್ಯ. ಬೋರ್ಡು ಬಂತು. ಅದಕ್ಕೆ ಕುಂಕುಮ ಹಚ್ಚಿ ಆಯುಧಪೂಜೆಯನ್ನೂ ಮಾಡಿದರು.

ಗುತ್ತಿಗೆದಾರ ಹಾಕಿದ ದೊಡ್ಡ ರಸ್ತೆ ಎರಡನೇ ಮಳೆಗೇ ಕಜ್ಜಿನಾಯಿಯ ಮೈಯಾಯಿತು. ಅಷ್ಟರಲ್ಲಿ ಮಂತ್ರಿಗಳು ಬರುತ್ತಾರೆಂಬ ಸುದ್ದಿ. ಗುಂಡಿ ಮುಚ್ಚೋಕೆ ತುಮಕೂರಿನಿಂದ ಟಾರು ಬಂದಿಲ್ಲ. ಅವರು ಬರೋ ಹಿಂದಿನ ದಿನ ಬೆಳಿಗ್ಗೆ ಮೇಸ್ತ್ರಿ ಮಹಾಲಿಂಗಯ್ಯ ಗ್ಯಾಂಗನ್ನೆಲ್ಲ ಕರೆತಂದು ಆ ಬೋರ್ಡಿನ ಹತ್ತಿರವೇ ನಿಲ್ಲಿಸಿದ.

"ಇದ್ನ ಎಬ್ಬಿಸ್ರಿ. ಕಾಯಿಸಿ ದೊಡ್ ರಸ್ತೆ ಗುಂಡಿಗೆ ಹಾಕನ."

ದಾಸಮ್ಮ ಬಾಂಡ್ಲಿ ಕೆಳಗಿಟ್ಟಳು. "ಇದು ನಮ್ ರಸ್ತೆ ಸ್ವಾಮಿ. ಮಗ್ಳು ದಿನ ತುಂಬಿದ ಬಸ್ರಿ. ಮ್ವಾಡ ನೋಡಿ ಎಂಗೈತೆ!"

"ನಿಮ್ದಾ? ಬೋರ್ಡು ಓದು."

"ನಂಗೆಲ್ಲಿ ಓದಾಕ್ ಬತ್ತದೆ?"

"ಕೇಳಿ ಹಾಕುಸ್ಕಂಡೋರು ಓದುಸ್ಕಬೇಕಿತ್ತು. ಸರ್ಕಾರದ್ದು ಅಂತೈತೆ. ಮಂತ್ರಿಗಳು ಹೋದ್ಮ್ಯಾಲೆ ಹೊಸ್ದಾಗಿ ಹಾಕ್ಕೊಡ್ತಾರಂತೆ."

"ಯಾವಾಗ?"

ಮಹಾಲಿಂಗಯ್ಯ ಕತ್ತು ಕೆರೆದುಕೊಂಡ. "ನನ್ನ ಯಾಕೆ ಕೇಳ್ತೀಯ ದಾಸಮ್ಮ. ನಂಗೂ ಮೇಲಿನೋರು ಹೇಳಿದ್ದು."

ಓಬಳಯ್ಯ ಗುಂಡುಕಲ್ಲಿನ ಮೇಲೆ ಕುಸಿದು ಕೂತ. "ಒಸಿ ಕೆಟ್ಟದಾಗಿ ಹಾಕಿದ್ರೆ ಉಳ್ಕಂತಿತ್ತು ಕಣೆ," ಅಂದ.

ಪಿಕಾಸಿ ಹೊಡೆದರೆ ಚಿಮ್ಮಿ ಹಿಂದಕ್ಕೆ ಬರುತ್ತಿತ್ತು. "ಯಾವನ್ಲಾ ಇದ್ನ ಇಷ್ಟು ಬಿಗಿಯಾಗಿ ಕೂರ್ಸಿರೋನು?" ಎಂದು ಬೇರೆ ಊರಿನ ಆಳೊಬ್ಬ ಉಗಿದ. ದಾಸಮ್ಮ ಎದ್ದ ಹೆಂಟೆಗಳನ್ನು ಬಾಂಡ್ಲಿಗೆ ತುಂಬಿದಳು. ಆಮೇಲೆ ಮೇಸ್ತ್ರಿಯ ಕಾಲು ಹಿಡಿದು, ಒಂದು ಪಕ್ಕ ಗಾಡಿ ಚಕ್ರದಷ್ಟಾದರೂ ಬಿಡಿ ಅಂತ ಬೇಡಿಕೊಂಡಳು. ಪಾಪ, ಅವನೂ ಬಿಡಿಸಿದ, ಸರಿಯಾಗಿ ಒಂದು ಚಕ್ರದಷ್ಟು. ಗಾಡಿಗೆ ಇರೋದು ಎರಡು.

ಮಾರನೇ ದಿನ ಮಳೆಗೆ ಮುಂಚೆ ಮಗಳನ್ನು ಹೊರಡಿಸಿದಳು. ನೋವು ಬರೋವರೆಗೂ ಮಧುಗಿರಿ ಆಸ್ಪತ್ರೆಯ ಜಗಲಿಯಲ್ಲೇ ಬಿದ್ದಿರೋದು ಅಂತ ತೀರ್ಮಾನ. ಉಳಿದ ಆ ಪಟ್ಟಿಯ ಮೇಲೆ ಒಬ್ಬರ ಹಿಂದೊಬ್ಬರು ನಡೆದು ದೊಡ್ಡ ರಸ್ತೆ ಹತ್ತಿದರು.

"ಅವ್ವಾ, ಟಾರು ಇನ್ನೂ ಕಾಲಿಗೆ ಮೆತ್ಕಂತದೆ," ಅಂದಳು ಪಾಪಕ್ಕ.

"ಮೆತ್ಕಳ್ಳಿ, ನಡಿ."

ಪೊಲೀಸಿನವನು ಸೀಟಿ ಊದಿ ಕೋಲು ಬೀಸಿದ. "ಏಯ್, ಕೆಳಗಿಳೀರಿ! ಗಾಡಿ ಬರ್ತಾವೆ."

"ಮಧುಗಿರಿ ಬಸ್ಸು ಎಷ್ಟೊತ್ಗೆ ಸ್ವಾಮಿ?"

"ಬಸ್ಸೆಲ್ಲ ಸಭೆಗೆ ಜನ ತುಂಬಾಕೋಗವೆ. ಇವತ್ತಿಲ್ಲ."

ಅವ್ವ ಮಗಳು ಜೇಡಿಗೆ ಇಳಿದು ನಿಂತರು. ಮಂತ್ರಿಗಳ ಕಾರುಗಳು ಒಂದು ಕುಲುಕೂ ಇಲ್ಲದೆ ಸುಯ್ಯನೆ ಹಾದುಹೋದವು. ಪಾಪಕ್ಕ ಹೊಟ್ಟೆ ಹಿಡಿದುಕೊಂಡು ತಾಯಿಯ ಭುಜಕ್ಕೆ ಒರಗಿದಳು. ದಪ್ಪ ಹನಿ ಬೀಳೋಕೆ ಶುರುವಾಯಿತು.