ಹಾಡಿನಡಿ ಸಿಕ್ಕ ಕೆಂಪಯ್ಯ

ಹನ್ನೊಂದು ದಿನದಿಂದ ಚಂದ್ರಮತಿಯವರ ತಲೆ ಕೆಟ್ಟುಹೋಗಿತ್ತು. ಗೋಕುಲಂನ ಅವರ ಮನೆ ಹಿಂದೆ ಯಾವುದೋ ರೇಡಿಯೊ ಕೇಂದ್ರದವರು ಗೋಪುರ ಎಬ್ಬಿಸಿದ್ದೇ ಎಬ್ಬಿಸಿದ್ದು, ದೂರದವರೊಡನೆ ಮಾತಾಡುವ ಇವರ ಹವ್ಯಾಸಿ ರೇಡಿಯೊವನ್ನು ಎಲ್ಲಿಗೆ ತಿರುಗಿಸಿದರೂ ಸಿನಿಮಾ ಹಾಡು, ಇಲ್ಲವೇ ಸೀರೆ ಅಂಗಡಿಯ ಜಾಹೀರಾತು. ಅದರಡಿ ಎಲ್ಲೋ ಕೆಂಪಯ್ಯ ಸಿಕ್ಕಿಹಾಕಿಕೊಂಡಿದ್ದ.

ಇವರು ಭೌತಶಾಸ್ತ್ರ ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಕೆಂಪಯ್ಯ ಲ್ಯಾಬ್ ಅಟೆಂಡರ್ ಆಗಿದ್ದವನು. ಮೋರ್ಸ್ ಸಂಕೇತ ಕಲಿಸಿ ಅವನಿಗೂ ರೇಡಿಯೊ ಲೈಸೆನ್ಸ್ ಕೊಡಿಸಿದವರು ಇವರೇ. ಹೋದ ವರ್ಷ ಲಕ್ವ ಹೊಡೆದು ಅವನ ಬಲಗೈ ಬಿತ್ತು, ನಾಲಿಗೆ ಹೊರಳದಾಯಿತು. ಮಂಡಕಳ್ಳಿಯ ಮನೆಯಲ್ಲಿ ಕೂತು ಸಂಜೆ ಐದಕ್ಕೆ ಎಡಗೈಯಲ್ಲಿ ಮೋರ್ಸ್ ಕುಟ್ಟುವುದೊಂದೇ ಈಗ ಅವನ ಮಾತು. ಅದು ತಿಳಿಯುವುದು ಇವರೊಬ್ಬರಿಗೇ.

ಫೋನ್ ಮಾಡಿದರೆ ಅವನ ಹೆಂಡತಿ ಪುಟ್ಟತಾಯಮ್ಮ, “ದಿನಾ ಅದೇನೋ ಕುಟ್ತಾನೇ ಅವ್ರೆ ಕಣವ್ವ, ನಂಗೇನ್ ತಿಳೀತದೆ” ಅನ್ನುತ್ತಿದ್ದರು.

ಚಂದ್ರಮತಿ ಮಾಡದ್ದು ಉಂಟೇ? ಆಂಟೆನಾ ಎತ್ತರಿಸಿದರು. ಹಾಡೂ ಎತ್ತರವಾಯಿತು. ಸಿಗ್ನಲ್ ಹಿಗ್ಗಿಸುವ ಡಬ್ಬಿಯೊಂದನ್ನು ತರಿಸಿ ಆಂಟೆನಾಕ್ಕೂ ರೇಡಿಯೊಗೂ ನಡುವೆ ಸಿಕ್ಕಿಸಿ, ಹಾಗೆಂದು ಕೆಂಪಯ್ಯನಿಗೂ ಕುಟ್ಟಿ ತಿಳಿಸಿದರು. ಈಗ ಎರಡು ಹಾಡು ಒಟ್ಟಿಗೆ ಬಂದವು. ಕೇಂದ್ರದವರಿಗೆ ಮೂರು ಪತ್ರ ಬರೆದರು. ಕೊನೆಗೆ ಸಿಟ್ಟೆಲ್ಲ ಕೆಂಪಯ್ಯನ ಮೇಲೇ ತಿರುಗಿ, ಗಟ್ಟಿಯಾಗಿ ಕಳಿಸಲು ನಿನಗೇನು ಧಾಡಿ ಎಂದು ಮೋರ್ಸಿನಲ್ಲೇ ಗದರಿದರು.

ಆವತ್ತು ಐದು ದಾಟಿದರೂ ಅದೇ ಸೀರೆ ಅಂಗಡಿ. ಹಾಳಾಗಿ ಹೋಗಲಿ ಎಂದು ಆಂಟೆನಾದ ಪ್ಲಗ್ಗನ್ನು ಕಿತ್ತೆಸೆದರು. ಅದು ಮೇಜಿನ ಮೇಲೆ, ರೇಡಿಯೊದ ಪಕ್ಕದಲ್ಲೇ ಬಿತ್ತು. ಹಾಡು ನಿಂತಿತು. ಆ ಮೌನದಲ್ಲಿ, ಪ್ಲಗ್ಗಿನಿಂದ ಸೋರಿ ಬಂದಷ್ಟರಲ್ಲೇ, ಸಣ್ಣಗೆ, ತಡವರಿಸುತ್ತ, ಕೆಂಪಯ್ಯನ ಎಡಗೈ ಕೇಳಿಸಿತು.

“ಡಬ್ಬಿ ತೆಗೀರಿ ಮೇಡಮ್. ಆಂಟೆನಾ ಕೀಳ್ರಿ. ನಿಮ್ ರೇಡಿಯೊಗೆ ಜಾಸ್ತಿ ಆಗ್ಬುಟ್ಟದೆ.”

ಇವರ ಕಿವಿ ಬಿಸಿಯಾಯಿತು. ಸಿಗ್ನಲ್ ಮಿತಿಮೀರಿದರೆ ರಿಸೀವರ್ ಕಂಗೆಡುತ್ತದೆ, ಒಳಬರುವುದನ್ನೇ ಕಡಿಮೆ ಮಾಡಬೇಕು ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವರು ಇವರು. ತರಗತಿಯ ಹಿಂದೆ ನಿಂತು ಕೇಳಿಸಿಕೊಂಡವನು ಅವನು.

ಕಳಿಸುವುದಕ್ಕೆಂದು ಮತ್ತೆ ಪ್ಲಗ್ ಚುಚ್ಚಿ, ಇಷ್ಟು ದಿನ ಇನ್ನೇನೇನು ಹೇಳಿದೆ ಎಂದು ಕೇಳಿದರು. ಮತ್ತೆ ಪ್ಲಗ್ ಕಿತ್ತು ಕಾದರು.

“ಇದೊಂದೇಯ. ಬ್ಯಾರೆ ಏನಾರ ಹೇಳಾಣ ಅಂದ್ರೆ ನೀವು ಕೇಳಿಸ್ಕೋಬೇಕಲ್ವ.”